ಬಿಡುಗಡೆ ಬೇಡ ಎಂದ ಗಪ್ಪಮ್ಮ

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಮನೆ. ಹಿತ್ತಲಲ್ಲಿ ಸಿಮೆಂಟ್ ತೊಟ್ಟಿ, ನಡುಮನೆಯಲ್ಲಿ ಟಿವಿ ಪಕ್ಕ ಗಾಜಿನ ಅಕ್ವೇರಿಯಂ. ಎರಡರಲ್ಲೂ ಬಾಳಿ ಬಂದ ಗಪ್ಪಿ ಮೀನು, ಮನೆಯವರ ಬಾಯಲ್ಲಿ ಗಪ್ಪಮ್ಮ, ತೊಟ್ಟಿಯ ಅಂಚಿಗೆ ಬಂದು ಮಾತಿಗೆ ಸಿಕ್ಕರು. ಬೂದು ಮೈ, ಉಬ್ಬಿದ ಹೊಟ್ಟೆ, ಅದರ ಹಿಂಬದಿಯಲ್ಲಿ ಬಸುರಿನ ಕಪ್ಪು ಮಚ್ಚೆ.

ನಮಸ್ಕಾರ ಗಪ್ಪಮ್ಮನವರೇ. ಯಾವೂರು ನಿಮ್ಮದು?

ದಕ್ಷಿಣ ಅಮೆರಿಕದ ಉತ್ತರ ತುದಿ, ಟ್ರಿನಿಡಾಡ್ ಕಡೆಯವರು. ಅಲ್ಲಿದ್ದ ಗಪ್ಪಿ ಅನ್ನೋ ಸಾಹೇಬರು 1866ರಲ್ಲಿ ನಮ್ಮವರನ್ನ ಲಂಡನ್ನಿನ ಮ್ಯೂಸಿಯಂಗೆ ಕಳಿಸಿದ್ರು, ಅವರ ಹೆಸರು ಅಂಟಿಕೊಂತು. 1859ರಲ್ಲೇ ಒಬ್ಬ ಜರ್ಮನ್ ವಿಜ್ಞಾನಿ ಬೇರೆ ಹೆಸರಿಟ್ಟಾಗಿತ್ತು. ದಾಖಲೆಗೆ ಅದು, ಬಾಯಿಗೆ ಇದು. ನಿಮಗೇನು ಹೊಸದಾ? 2007ರಲ್ಲಿ ರಾಮನಗರ ಜಿಲ್ಲೆ ಆದ್ರಿ, 2025ರಲ್ಲಿ ಬೆಂಗಳೂರು ದಕ್ಷಿಣ ಆದ್ರಿ. ಯಾವ ಜಿಲ್ಲೆ ಅಂತ ಯಾರಾದ್ರೂ ಕೇಳಿದ್ರೆ ಮೊದಲು ಏನು ಬರುತ್ತೆ ಬಾಯಿಗೆ?

ಇಲ್ಲಿಗೆ ಬಂದದ್ದು?

ಸರ್ಕಾರಿ ಕೆಲಸದ ಮೇಲೆ. ಡೆಂಗಿ, ಮಲೇರಿಯಾ ಅಂತ ತೊಟ್ಟಿಗೆ, ಬಾವಿಗೆ ನಮ್ಮನ್ನ ಬಿಡ್ತಾರೆ. ದಿನಕ್ಕೆ 80ರಿಂದ 100 ಸೊಳ್ಳೆಮರಿ ತಿನ್ನಬೇಕು ಅಂತ ಲೆಕ್ಕ. ಸಂಬಳ ಇಲ್ಲ, ಮುಷ್ಕರ ಇಲ್ಲ. ಆದ್ರೆ ನೋಡಿ ಅಣ್ಣಾ, ತೊಟ್ಟಿಗೆ ಮೀನು ಬಿಡಿ ಅಂತಾರೆ, ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ತಿಕ್ಕಿ ಅಂತಲೂ ಹೇಳ್ತಾರೆ. ಎರಡನ್ನೂ ಪಾಲಿಸೋ ಮನೇಲಿ ನಾವು ಚರಂಡಿ ಪಾಲು.

ನಡುಮನೆಗೆ ಬಡ್ತಿ ಸಿಕ್ಕಿದ್ದು ಹೇಗೆ?

ಮನೆ ಹುಡುಗ ಲೋಟದಲ್ಲಿ ಹಿಡಿದು ಹಾಕಿದ. ಅಲ್ಲಿ ಎಂಟು ಗೋಲ್ಡ್ ಫಿಶ್, ಒಂದು ಕರಿ ಮೀನು. ವಾಸ್ತು! ಮನೆ ಕಂಟಕ ಎಲ್ಲ ಕರಿಯ ಹೊತ್ಕೊಂಡು ಸಾಯಬೇಕಂತೆ. ಒಂದೇ ವಾರದಲ್ಲಿ ಅವನೂ ಸತ್ತ, ಚಿನ್ನದವರೂ ಸತ್ತರು. ದೊಡ್ಡ ಕಂಟಕ ಕಳೀತು ಅಂತ ಮನೆಯವರು ತೆಂಗಿನಕಾಯಿ ಒಡೆದ್ರು.

ನಿಜವಾದ ಕಾರಣ?

ಅಮೋನಿಯಾ. ನಮ್ಮ ಕಿವಿರಿಂದ ಬರೋದು, ತಿನ್ನದೆ ಉಳಿದ ಕಾಳು ಕೊಳೆತು ಬರೋದು. ಅದನ್ನ ಅರಗಿಸೋ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ ಕುದುರಿಕೊಳ್ಳೋಕೆ ನಾಲ್ಕರಿಂದ ಆರು ವಾರ ಬೇಕು. ಇವರು ಭಾನುವಾರ ಬೆಳಗ್ಗೆ ಗಾಜು ತಂದ್ರು, ಸಂಜೆಗೆ ಒಂಬತ್ತು ಮೀನು. ನೀರು ಕದಡಿದ್ದು ಕಂಡು ಆ ಸ್ಪಂಜನ್ನ ನಲ್ಲಿ ಕೆಳಗೆ ಹಿಡಿದು ಹಿಂಡಿದ್ರು. ಕ್ಲೋರಿನ್‌ಗೆ ಅಷ್ಟೋ ಇಷ್ಟೋ ಕುದುರಿದ್ದ ಬ್ಯಾಕ್ಟೀರಿಯಾನೂ ಹೋಯ್ತು. ಗೇಣುದ್ದ ಬೆಳೆಯೋ ಗೋಲ್ಡ್ ಫಿಶ್‌ಗೆ ಅಷ್ಟು ಸಣ್ಣ ಪೆಟ್ಟಿಗೆ ಸಾಲೋದೂ ಇಲ್ಲ ಬಿಡಿ.

ಊಟೋಪಚಾರ?

ಹೊರದೇಶದ ಡಬ್ಬಿ ಕಾಳು. ಇದೇ ಮನೆ ಹಿಂದೆ ಗೂಡು ಬೇಯಿಸಿ ನೂಲು ತೆಗೆದ ಮೇಲೆ ಬುಟ್ಟಿಗಟ್ಟಲೆ ಪ್ಯೂಪ ಉಳಿಯುತ್ತೆ. ಒಣಗಿಸಿದ್ರೆ ಹೆಚ್ಚುಕಮ್ಮಿ ಅರ್ಧ ಪ್ರೋಟೀನು. ಮೀನಿನ ಮೇವು ಮಾಡೋರು ಮೂಟೆ ಕಟ್ಟಿ ಒಯ್ತಾರೆ. ಇವರು ಅದರ ನಾತಕ್ಕೆ ಮೂಗು ಮುಚ್ಕೊಂಡು ಒಳಗೆ ಬಂದು ಡಬ್ಬಿ ತೆರೀತಾರೆ! ಪಕ್ಕದಲ್ಲೇ ಮರದ ಬೊಂಬೆಗಳ ಚನ್ನಪಟ್ಟಣ. ಅಕ್ವೇರಿಯಂ ಒಳಗೆ ಮಾತ್ರ ಬಾಯಲ್ಲಿ ಗುಳ್ಳೆ ಬಿಡೋ ಪ್ಲಾಸ್ಟಿಕ್ ಬೊಂಬೆ.

ಮರದ ಬೊಂಬೆ ನೀರಲ್ಲಿ ಉಬ್ಬುತ್ತದಲ್ಲವೇ?

ಒಳಗೆ ಹಾಕಿದ್ರೆ ಉಬ್ಬುತ್ತೆ. ಮುಚ್ಚಳದ ಮೇಲೆ ಇಡಬಹುದಿತ್ತಲ್ಲ.

(ಇಲ್ಲಿ ಗಪ್ಪಮ್ಮ ಒಂದು ಸೊಳ್ಳೆಮರಿ ನುಂಗಲು ಬಿಡುವು ಕೇಳಿದರು.)

ಹೆತ್ತ ಮಕ್ಕಳನ್ನೇ ತಿನ್ನುತ್ತೀರೆಂಬ ಆರೋಪವಿದೆ.

ಈ ಜಿಲ್ಲೆಯ ರಾಜಕೀಯ ಬರೆಯೋರು ಬಂದು ನನ್ನನ್ನ ಈ ಪ್ರಶ್ನೆ ಕೇಳ್ತೀರಾ?

ಇರಲಿ. ಮನೆಯವರಿಗೆ ಮೀನು ಸಾಕಣೆ ಸಾಕಾಗಿದೆಯಂತೆ. ನಿಮ್ಮನ್ನೆಲ್ಲ ಕಣ್ವ ಜಲಾಶಯಕ್ಕೆ ಬಿಡುತ್ತಾರಂತೆ. ಕೊನೆಗೂ ಬಿಡುಗಡೆ!

ಅದನ್ನ ತಪ್ಪಿಸೋಕೇ ನಿಮ್ಮನ್ನ ಕರೆಸಿದ್ದು. ಪುಣ್ಯ ಬರುತ್ತೆ ಅಂದ್ಕೊಂಡಿದ್ದಾರೆ. ನಾನು ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಹೆರೋಳು. ಮೊಟ್ಟೆ ಅಲ್ಲ, ಹುಟ್ಟಿದ ಕೂಡಲೇ ಈಜೋ ಮರಿ. ಒಂದು ಸಲ ಗಂಡಿನ ಸಹವಾಸ ಆದ್ರೆ ಸಾಕು, ಆಮೇಲೆ ಗಂಡಿಲ್ಲದೆಯೂ ತಿಂಗಳುಗಟ್ಟಲೆ ಹೆರಬಲ್ಲೆ. ಕಣ್ವಕ್ಕೋ ಮಾಗಡಿ ಕಡೆ ಮಂಚನಬೆಲೆಗೋ ನನ್ನಂಥ ಒಬ್ಬಳು ಬಿದ್ರೂ ಊರಾಗುತ್ತೆ. ಅಲ್ಲಿರೋ ಗೆಂಡೆಮರಿಗಳ ಗತಿ ಏನು? ಮೊದಲೇ ಆಫ್ರಿಕಾದ ಜಿಲೇಬಿ ಮೀನು ನಿಮ್ಮ ಕೆರೆಗಳಲ್ಲಿ ಬೀಡುಬಿಟ್ಟಿದೆ. ಪಾಚಿ ತಿನ್ನಲಿ ಅಂತ ಬೆರಳುದ್ದದ ಸಕ್ಕರ್ ತರ್ತೀರಿ, ಅದು ಮೊಳದುದ್ದ ಆದಾಗ ರಾತ್ರೋರಾತ್ರಿ ಕೆರೆಗೆ ಎಸೀತೀರಿ. ಅದರ ಮುಳ್ಳುರೆಕ್ಕೆಗೆ ಬಲೆ ಹರಿದು, ನಷ್ಟ ಅನುಭವಿಸೋನು ಮೀನುಗಾರ.

ಒಂದು ಸಣ್ಣ ಗಪ್ಪಿಯಿಂದ ಅಷ್ಟೊಂದು ಹಾನಿಯೇ?

ಕನಕಪುರದಿಂದ ಸಂಗಮಕ್ಕೆ ಹೋಗಿ ವಿಚಾರಿಸಿ. ಕಾವೇರಿಯಲ್ಲಿ ಗೂನುಬೆನ್ನಿನ ಮಹಶೀರ್ ಅಂತ ದೊಡ್ಡ ಮನೆತನ ಇತ್ತು, 50 ಕಿಲೋ ಮೀರಿ ತೂಗೋರು. ನದಿಗೆ ಒಳ್ಳೇದಾಗ್ಲಿ ಅಂತಲೇ ಬೇರೆ ಕಡೆಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನ ತಂದು ಬಿಟ್ರು. ಬಂದೋರು ತುಂಬಿಕೊಂಡ್ರು, ಇದ್ದೋರು ಕರಗಿದ್ರು. 2018ರಲ್ಲಿ ಗೂನುಬೆನ್ನಿನವರು ಅಳಿವಿನ ಅಂಚಿನವರ ಕೆಂಪು ಪಟ್ಟಿ ಸೇರಿದ್ರು. ಡೈನಮೈಟು, ಅಣೆಕಟ್ಟು, ಮರಳು ದಂಧೆಯೂ ಸೇರಿ ಕೊಂದದ್ದು ನಿಜ. ಆದ್ರೆ ಆ ಮರಿಗಳನ್ನ ಬಿಟ್ಟೋರ ಮನಸ್ಸಲ್ಲಿ ಕೆಟ್ಟದ್ದಿರಲಿಲ್ಲ. ನಮ್ಮನೆಯವರ ಮನಸ್ಸಲ್ಲೂ ಇಲ್ಲ.

ಹಾಗಾದರೆ ಸಾಕಲಾರದವರು ಏನು ಮಾಡಬೇಕು?

ಅಂಗಡಿಗೆ ವಾಪಸ್ ಕೊಡಿ. ಸಾಕೋ ಇನ್ನೊಬ್ಬರ ಮನೆಗೆ ಕೊಡಿ. ನನ್ನನ್ನಂತೂ ಈ ಸಿಮೆಂಟ್ ತೊಟ್ಟಿಯಲ್ಲೇ ಬಿಟ್ಬಿಡಿ, ತಿಕ್ಕೋ ದಿನ ಮಾತ್ರ ಒಂದು ಬಕೆಟ್ಟಿಗೆ ಎತ್ತಿಡಿ. ಕೆರೆ, ಹೊಳೆ, ಡ್ಯಾಂ ಕಡೆಗೆ ಕೈ ಮುಗಿದು ಬನ್ನಿ, ಮೀನು ಹಿಡ್ಕೊಂಡು ಹೋಗಬೇಡಿ.