ರೇಸ್ ಸೈಕಲ್ ಇಟ್ಟಿದ್ದವರು

ಹರೆಯದಲ್ಲಿ ಬಗ್ಗಿದ ಹ್ಯಾಂಡಲಿನ ಸೈಕಲ್ಲೊಂದನ್ನು ಮೂರೋ ನಾಲ್ಕೋ ವರ್ಷ ತುಳಿದು, ಅದು ಕೈಬಿಟ್ಟ ಮೇಲೆ ನಲವತ್ತು ವರ್ಷಗಳಿಂದ ಅದರ ಸುದ್ದಿಯನ್ನು ತುಳಿಯುತ್ತಿರುವ ಗೃಹಸ್ಥರೇ ರೇಸ್ ಸೈಕಲ್ ಇಟ್ಟಿದ್ದವರು. ವಯಸ್ಸು ಐವತ್ತೈದರಿಂದ ಎಪ್ಪತ್ತು. ಬ್ಯಾಂಕು, ಕೆಇಬಿ, ಹೈಸ್ಕೂಲುಗಳಿಂದ ನಿವೃತ್ತರಾದವರಲ್ಲಿ ಹೆಚ್ಚು. ಮೈಸೂರು, ದಾವಣಗೆರೆ, ಧಾರವಾಡ, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಮಲೆನಾಡಿನಲ್ಲಿ ವಿರಳ, ಅಲ್ಲಿಯ ಏರುಗಳಲ್ಲಿ ಸೈಕಲ್ ತುಳಿದವರಿಗಿಂತ ತಳ್ಳಿದವರೇ ಜಾಸ್ತಿಯಾದ್ದರಿಂದ ಜಂಬಕ್ಕೆ ಸಾಮಗ್ರಿ ಸಾಲದು.

ರೇಸಿನಲ್ಲಿ ನಿಜವಾಗಿ ಓಡಿದವರನ್ನು ಈ ವರ್ಗಕ್ಕೆ ಸೇರಿಸಬಾರದು. ಅವರು ವಿಜಯಪುರ, ಬಾಗಲಕೋಟೆ ಕಡೆಯವರು. ಕ್ರೀಡಾ ಹಾಸ್ಟೆಲ್ಲಿನಲ್ಲೋ ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯಲ್ಲೋ ಪಳಗಿ, ರಾಷ್ಟ್ರಮಟ್ಟದಲ್ಲಿ ಪದಕ ತಂದು, ರೈಲ್ವೆಯಲ್ಲೋ ಸೈನ್ಯದಲ್ಲೋ ನೌಕರಿ ಹಿಡಿದವರು. ಕೇಳಿದರೆ ‘ಹೌದ್ರಿ, ಹೊಡೀತಿದ್ವಿ’ ಎಂದು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಎರಡು ಮಾತಿನಲ್ಲಿ ಮುಗಿಸಿದವರು ರೇಸಿನವರು, ಎರಡು ಕಾಫಿಯಾದರೂ ಮುಗಿಸದವರು ರೇಸ್ ಸೈಕಲ್ ಇಟ್ಟಿದ್ದವರು. ಗುರುತಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಇವರ ಹೆಮ್ಮೆ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಆಗಿನ ಕಾಲದ ಕರಿ ಸೈಕಲ್ಲನ್ನು ಒಮ್ಮೆ ನೆನೆಯಬೇಕು. ಇಪ್ಪತ್ತು ಕಿಲೋಗೂ ಮಿಕ್ಕಿದ ತೂಕ, ಕಂಬಿಯ ಬ್ರೇಕು, ಹಿಂದೆ ಹಿಟ್ಟಿನ ಡಬ್ಬ ಇಡಲೊಂದು ಕ್ಯಾರಿಯರ್. ಅದು ಇದ್ದದ್ದು ಅಪ್ಪನ ಹೆಸರಿನಲ್ಲಿ. ಪುರಸಭೆಗೆ ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ತಗಡಿನ ಬಿಲ್ಲೆ ತರಬೇಕಿತ್ತು. ರಾತ್ರಿ ದೀಪವಿಲ್ಲದೆ ಹೊರಟರೆ ಪೊಲೀಸಿನವರು ಗಾಳಿ ಬಿಡುತ್ತಿದ್ದರು. ಹುಡುಗರು ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು, ಸೀಟು ಎಟುಕದೆ ಒಳಪೆಡಲು ಹೊಡೆದು, ಮೊಣಕಾಲು ಕೆತ್ತಿಸಿಕೊಂಡು ಕಲಿತರು. ಸೋನಿಪತ್ತಿನ ಅಟ್ಲಾಸ್, ಲೂಧಿಯಾನದ ಹೀರೊ, ಮದ್ರಾಸಿನ ಹರ್ಕ್ಯುಲಿಸ್, ಹೆಸರು ಯಾವುದಾದರೇನು, ಬಣ್ಣ ಒಂದೇ. ಇಂಥ ಊರಿಗೆ ಕೆಂಪು ಬಣ್ಣದ, ಕ್ಯಾರಿಯರ್ ಇಲ್ಲದ, ಟಗರಿನ ಕೊಂಬಿನ ಹಾಗೆ ಹ್ಯಾಂಡಲ್ ತಿರುಚಿಕೊಂಡ ಸೈಕಲ್ಲೊಂದು ಬಂದು ನಿಂತಾಗ ಬೀದಿಗೆ ಬೀದಿಯೇ ಹೊರಬಂದು ನೋಡಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ. ಇವರ ಕಥೆಯಲ್ಲಿ ಉತ್ಪ್ರೇಕ್ಷೆಯಿಲ್ಲದ ಭಾಗವೂ ಅಷ್ಟೇ.

ಈ ವರ್ಗದೊಳಗೂ ಮೇಲುಕೀಳುಂಟು. ಬಿಎಸ್ಎ ಎಸ್ಎಲ್ಆರ್ ಇಟ್ಟಿದ್ದವರು ಕೆಳಗಿನ ಮೆಟ್ಟಿಲಿನವರು. ಅದು ಹಗುರ, ಚೆಂದ, ಆದರೆ ಹ್ಯಾಂಡಲ್ ನೇರ, ಗೇರಿಲ್ಲ. ಅದನ್ನು ರೇಸ್ ಸೈಕಲ್ ಎಂದರೆ ಹತ್ತು ಗೇರಿನವರು ತುಟಿಯಂಚಿನಲ್ಲಿ ನಗುತ್ತಾರೆ. ಮುಂದೆ ಎರಡು ಹಲ್ಲುಚಕ್ರ, ಹಿಂದೆ ಐದು, ಗುಣಿಸಿದರೆ ಹತ್ತು: ಈ ಲೆಕ್ಕವನ್ನು ಇವರು ಮದುವೆ ಪಂಗ್ತಿಯಲ್ಲಿ ಬಾಳೆಲೆಯ ಮೇಲೆ ಪಲ್ಯ, ಕೋಸಂಬರಿ ಸರಿಸಿ ವಿವರಿಸಿದ್ದುಂಟು. ಗೇರ್ ಬದಲಿಸುವ ಸನ್ನೆಗಳು ಹ್ಯಾಂಡಲಿನಲ್ಲಿ ಇರುತ್ತಿರಲಿಲ್ಲ, ಕೆಳಗಿನ ಓರೆ ಕೊಳವೆಯ ಮೇಲೆ ಇರುತ್ತಿದ್ದವು. ಈಗಿನಂತೆ ಟಿಕ್ ಎಂದು ಕೂರುವ ಮನೆಗಳೂ ಇರಲಿಲ್ಲ. ಕೈ ಇಳಿಸಿ, ಸನ್ನೆಯನ್ನು ಕೂದಲೆಳೆಯಷ್ಟು ಸರಿಸಿ, ಚೈನಿನ ಗರಗರ ನಿಲ್ಲುವವರೆಗೆ ಕಿವಿಗೊಡಬೇಕು. ಮೂರನೆಯ ಗೇರು ಎಲ್ಲಿದೆಯೆಂಬುದು ಯಜಮಾನನ ಕಿವಿಗೆ ಮಾತ್ರ ಗೊತ್ತು. ಹೀಗೆ ಕಿವಿಗೊಟ್ಟು ಹುಡುಕುವಷ್ಟರಲ್ಲಿ ಏರು ಮುಗಿಯುತ್ತಿತ್ತು, ಇಲ್ಲವೆ ಚೈನು ಕಳಚುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಬಹುಪಾಲು ಯಜಮಾನರು ಹತ್ತರಲ್ಲಿ ಒಂದೇ ಗೇರಿನಲ್ಲಿ ಓಡಿಸಿ ಉಳಿದ ಒಂಬತ್ತನ್ನು ಸುದ್ದಿಗಾಗಿ ಮೀಸಲಿಟ್ಟರು.

ಗಾಳಿಯದು ಇನ್ನೊಂದು ಪ್ರಸಂಗ. ಆಗಿನ ಟ್ಯೂಬುಗಳ ಗಾಳಿ ತಡೆಯುತ್ತಿದ್ದದ್ದು ವಾಲ್‌ಟ್ಯೂಬ್ ಎಂಬ ಎಳೆ ರಬ್ಬರು. ಹಿತ್ತಾಳೆಯ ಕಡ್ಡಿಯ ಮಗ್ಗುಲಿನ ತೂತನ್ನು ಮುಚ್ಚುವಂತೆ ಅದನ್ನು ಏರಿಸಬೇಕು. ಒಣಗಿದ್ದರೆ ಏರದು, ನಾಲಿಗೆಗೆ ತಾಗಿಸಿ ಒದ್ದೆ ಮಾಡಬೇಕು. ಒಂದಿಂಚು ರಬ್ಬರು ಬಿರುಕು ಬಿಟ್ಟರೆ ಹತ್ತು ಗೇರಿದ್ದೂ ಸೈಕಲ್ಲು ತಳ್ಳುಗಾಡಿ. ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಹೊಟ್ಟೆಕಿಚ್ಚಿನವರು ಕದಿಯುತ್ತಿದ್ದದ್ದು ಇದನ್ನೇ. ಅಂಥ ಕಳ್ಳರ ಇನಿಷಿಯಲ್ ಸಮೇತ ಹೆಸರುಗಳು ಇವರಿಗೆ ಇಂದಿಗೂ ನೆನಪಿವೆ. ಹೆಂಡತಿಯ ಹುಟ್ಟಿದ ದಿನ ನೆನಪಿಲ್ಲ.

ಸೈಕಲ್ಲಿಗೆ ನಿಜವಾದ ಎದುರಾಳಿ ಮಾತ್ರ ಮನೆಯೊಳಗೇ ಇತ್ತು. ರೇಸ್ ಸೈಕಲ್ಲಿಗೆ ಮಡ್‌ಗಾರ್ಡ್ ಇರಬಾರದೆಂಬುದು ಶಾಸ್ತ್ರ. ಮೊದಲ ಮಳೆಗೆ ಬಿಳಿ ಅಂಗಿಯ ಬೆನ್ನ ಮೇಲೆ ಸೊಂಟದಿಂದ ಕತ್ತಿನವರೆಗೆ ಕೆಮ್ಮಣ್ಣಿನ ಪಟ್ಟೆ ಎದ್ದಾಗ ಅಮ್ಮ ಶಾಸ್ತ್ರವನ್ನು ತಿದ್ದಿದಳು, ಮಡ್‌ಗಾರ್ಡ್ ಬಂತು. ಗಿರಣಿಗೆ ಹೋಗುವವರಾರು ಎಂಬ ಪ್ರಶ್ನೆ ಎದ್ದು ಕ್ಯಾರಿಯರ್ ಬಂತು. ಗೋಡೆಗೆ ಒರಗಿಸಿದರೆ ಸುಣ್ಣ ಕೆರೆಯುತ್ತದೆಂದು ಡಬಲ್ ಸ್ಟ್ಯಾಂಡ್, ಕಳ್ಳರ ಭಯಕ್ಕೆ ಬೀಗ, ತಂಗಿಯನ್ನು ಟೈಪಿಂಗ್ ಕ್ಲಾಸಿಗೆ ಬಿಡಲು ಕ್ಯಾರಿಯರಿನ ಮೇಲೊಂದು ಮೆತ್ತೆ. ಕೊನೆಗೆ ತಲೆ ತಗ್ಗಿಸಿ ಓಡಿಸಿದರೆ ಎದುರಿನ ಎಮ್ಮೆ ಕಾಣುವುದಿಲ್ಲವೆಂದು ಅಪ್ಪ ಅಪ್ಪಣೆ ಕೊಡಿಸಿ, ಬಗ್ಗಿದ ಹ್ಯಾಂಡಲನ್ನು ಬೀದಿಯ ರಿಪೇರಿಯವನಿಂದ ಮೇಲ್ಮುಖ ಮಾಡಿಸಿದರು. ಆ ಕಾಲದ ರೇಸ್ ಸೈಕಲ್ಲುಗಳಲ್ಲಿ ಹೀಗೆ ಕೊಂಬು ಮೇಲಾದವು ಎಷ್ಟೋ. ಎಲ್ಲ ಸೇರಿ ತೂಕ ಕರಿ ಸೈಕಲ್ಲಿನ ಹತ್ತಿರಕ್ಕೆ ಬಂತು. ಕಥೆಯಲ್ಲಿ ಈ ಅಧ್ಯಾಯ ಬರುವುದಿಲ್ಲ. ಬರುವುದಿದ್ದರೆ ಅಕ್ಕತಂಗಿಯರ ಬಾಯಿಂದ, ಅದೂ ಇವರು ಕೈ ತೊಳೆಯಲು ಎದ್ದಾಗ.

ಇವರು ಭಾಗವಹಿಸಿದ ಸ್ಪರ್ಧೆ ಯಾವುದೆಂದು ವಿಚಾರಿಸಿದರೆ ಉತ್ತರ ತಡವಾಗುತ್ತದೆ. ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ಯುವಕ ಸಂಘಗಳು ನಡೆಸುತ್ತಿದ್ದದ್ದು ನಿಧಾನ ಸೈಕಲ್ ಸ್ಪರ್ಧೆ. ಕಾಲೂರದೆ, ಗೆರೆ ದಾಟದೆ, ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದವನಿಗೆ ಸ್ಟೀಲ್ ಲೋಟ. ತೆಳು ಟೈರಿನ, ಬಾಗಿ ಕೂರುವ ಸೈಕಲ್ಲು ಇಂಥದ್ದಕ್ಕೆ ಬಾರದು. ಲೋಟವನ್ನು ಪ್ರತಿವರ್ಷ ಹಾಲಿನವನು ತನ್ನ ಕರಿ ಸೈಕಲ್ಲಿನಲ್ಲಿ ಹೊಡೆದುಕೊಂಡು ಹೋಗುತ್ತಿದ್ದ. ‘ನಮ್ಮ ಗಾಡಿಗೆ ನಿಧಾನ ಅನ್ನೋದೇ ಗೊತ್ತಿರಲಿಲ್ಲ’ ಎಂದು ಇವರು ಆ ಸೋಲನ್ನೂ ವೇಗದ ಖಾತೆಗೆ ಜಮಾ ಮಾಡುತ್ತಾರೆ.

ವೇಗ ವರ್ಷದಿಂದ ವರ್ಷಕ್ಕೆ ಏರುವುದು ಈ ಕಥೆಗಳ ಮುಖ್ಯ ಲಕ್ಷಣ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 16 ಕಿಲೋಮೀಟರು. ಮಗಳು ಹೈಸ್ಕೂಲಿನಲ್ಲಿದ್ದಾಗ ಇವರು ಅಲ್ಲಿಗೆ ನಲವತ್ತು ನಿಮಿಷದಲ್ಲಿ ಹೋಗಿದ್ದರು. ಗಂಟೆಗೆ 24 ಕಿಲೋಮೀಟರು, ನಂಬಬಹುದು. ಅವಳ ಮದುವೆಯ ಹೊತ್ತಿಗೆ ಅದು ಅರ್ಧ ಗಂಟೆಗೆ ಇಳಿಯಿತು. ಮೊಮ್ಮಗ ಹುಟ್ಟಿದ ಮೇಲೆ ಇಪ್ಪತ್ತು ನಿಮಿಷ. ಅಂದರೆ ಗಂಟೆಗೆ 48. ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ 1972ರಲ್ಲಿ ಗಾಳಿ ತೆಳುವಾಗಿರುವ ಎತ್ತರದ ಮೆಕ್ಸಿಕೋ ಸಿಟಿಯನ್ನೇ ಹುಡುಕಿಕೊಂಡು ಹೋಗಿ, ಆರು ಕಿಲೋಗಿಂತ ಹಗುರವಾದ ಸೈಕಲ್ಲಿನಲ್ಲಿ, ನುಣುಪಾದ ಟ್ರ್ಯಾಕಿನ ಮೇಲೆ ಒಂದು ಗಂಟೆಯಲ್ಲಿ ಕ್ರಮಿಸಿದ್ದು 49.431 ಕಿಲೋಮೀಟರು. ಇವರು ಹವಾಯಿ ಚಪ್ಪಲಿಯಲ್ಲಿ, ಕಬ್ಬಿನ ಗಾಡಿಗಳ ನಡುವೆ, ಹಿಂದೆ ಸ್ನೇಹಿತನನ್ನು ಕೂರಿಸಿಕೊಂಡು ಮರ್ಕ್ಸ್‌ನ ಬೆನ್ನಿಗೇ ಇದ್ದಾರೆ. ಎರಡನೆಯ ಮೊಮ್ಮಗ ಹುಟ್ಟಿದರೆ ದಾಖಲೆ ಉಳಿಯುವ ಭರವಸೆಯಿಲ್ಲ.

1992ರಲ್ಲಿ ‘ಜೋ ಜೀತಾ ವಹೀ ಸಿಕಂದರ್’ ಬಂದು, ಆಮಿರ್ ಖಾನ್ ಕೊನೆಯ ರೇಸಿನಲ್ಲಿ ಗೆದ್ದದ್ದು ಇವರಿಗೆ ದೊಡ್ಡ ಉಪಕಾರವಾಯಿತು. ಅದುವರೆಗೆ ಕೇಳುವವರಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಿತ್ತು; ಆಮೇಲೆ ‘ಆ ಪಿಕ್ಚರಿನಲ್ಲಿ ಇದೆಯಲ್ಲ, ಅದೇ’ ಎಂದರೆ ಸಾಕು. ಆಗಲೇ ಕೆಲಸಕ್ಕೆ ಸೇರಿ ಸ್ಕೂಟರಿಗೆ ಅರ್ಜಿ ಹಾಕಿದ್ದವರೂ ಆ ವಾರ ಅಟ್ಟ ಹತ್ತಿ ಸೈಕಲ್ಲಿನ ಧೂಳು ಒರೆಸಿದರು.

ಈಗಿನ ಸೈಕಲ್ಲುಗಳ ಬಗ್ಗೆ ಇವರ ಅಭಿಪ್ರಾಯ ಒಳ್ಳೆಯದಲ್ಲ. ಭಾನುವಾರ ಬೆಳಗ್ಗೆ ಮೈಗಂಟಿದ ಬಟ್ಟೆ ತೊಟ್ಟು ನಂದಿಬೆಟ್ಟ ಹತ್ತುವ ಸಾಫ್ಟ್‌ವೇರ್ ಹುಡುಗರನ್ನು ಕಂಡರೆ ‘ದುಡ್ಡಿದೆ, ದಮ್ಮಿಲ್ಲ’ ಎನ್ನುತ್ತಾರೆ. ಆ ಹುಡುಗರು 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ಬ್ರೆವೆ ಸವಾರಿಗೆ ಹೋಗುವವರೆಂದು ತಿಳಿದರೂ ಮಾತು ಬದಲಾಗದು. ಕಾರ್ಬನ್ ಚೌಕಟ್ಟನ್ನು ಉಗುರಿನಿಂದ ತಟ್ಟಿ ‘ಪ್ಲಾಸ್ಟಿಕ್ಕು’ ಎಂದು ತೀರ್ಪು ಕೊಡುತ್ತಾರೆ. ಅಂತರರಾಷ್ಟ್ರೀಯ ರೇಸುಗಳಲ್ಲಿ ಸೈಕಲ್ಲು 6.8 ಕಿಲೋಗಿಂತ ಹಗುರ ಇರಕೂಡದೆಂಬ ನಿಯಮ 2000ದಿಂದ ಇದೆ. ತಮ್ಮದನ್ನು ಕಿರುಬೆರಳಿನಲ್ಲಿ ಎತ್ತುತ್ತಿದ್ದೆವೆನ್ನುವ ಇವರ ಮಾತು ನಿಜವಾದರೆ ಅದು ಆ ನಿಯಮದ ಪ್ರಕಾರ ಅನರ್ಹ.

ಸೈಕಲ್ಲು ಏನಾಯಿತೆಂಬುದಕ್ಕೆ ಎಲ್ಲರ ಉತ್ತರವೂ ಒಂದೇ: ಭಾವಮೈದನಿಗೆ ಕೊಟ್ಟೆ, ಹಾಳುಮಾಡಿದ. ಭಾವಮೈದ ಗುಜರಿಗೆ ಹಾಕಿದ ದಿನಕ್ಕಿಂತ ಎಷ್ಟೋ ಮೊದಲೇ ಅದು ಎರಡೂ ಟೈರು ಕೂತು, ಬಚ್ಚಲಮನೆ ಹಿಂದೆ ಸೌದೆಗೆ ಆಸರೆಯಾಗಿತ್ತೆಂಬುದನ್ನು ಇವರು ಒಪ್ಪುವುದಿಲ್ಲ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಮುಚ್ಚಿದ ಸುದ್ದಿ ಬಂದಾಗ ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರ ಹಾಕಿದವರಲ್ಲಿ ಇವರೇ ಮೊದಲಿಗರು. ಆ ವಾರದ ಮಟ್ಟಿಗೆ ಭಾವಮೈದನಿಗೆ ಕ್ಷಮೆ ಸಿಕ್ಕಿತ್ತು.

ಹೊಸ ಸೈಕಲ್ ಕೊಳ್ಳುವವರು ಇವರನ್ನು ಅಂಗಡಿಗೆ ಕರೆದೊಯ್ಯಬಾರದು, ಬರಿಗೈಯಲ್ಲಿ ಮರಳಬೇಕಾದೀತು. ಚಕ್ರ ಬೆಂಡಾದಾಗ ಮಾತ್ರ ಕರೆಯಬೇಕು. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಚಕ್ರ ತಿರುಗಿಸಿ, ರಿಮ್ಮಿನ ಅಂಚಿಗೆ ಸೀಮೆಸುಣ್ಣ ಹಿಡಿದು, ಗುರುತು ಬಿದ್ದ ಕಡೆಗೆ ಎದುರಿನ ಕಡ್ಡಿಗಳನ್ನು ಕಾಲು ಸುತ್ತು ಬಿಗಿ ಮಾಡಿ, ಇತ್ತಲಿನದನ್ನು ಅಷ್ಟೇ ಸಡಿಲಿಸಿ, ಮಾತಾಡುತ್ತಲೇ ಸರಿಮಾಡಿ ಕೊಡುತ್ತಾರೆ. ಇಷ್ಟು ಚೆನ್ನಾಗಿ ಬೆಂಡ್ ತೆಗೆಯುವವರು ಈಗ ಸುಲಭಕ್ಕೆ ಸಿಗುವುದಿಲ್ಲ. ಕೂಲಿ ಕೊಡಬೇಕಾಗಿಲ್ಲ, ಕಥೆ ಕೇಳಬೇಕು. ಕಾಫಿಗೆ ಸಕ್ಕರೆ ಹಾಕಬಾರದು.