ಮೊದಲ ತಾರೀಖನ್ನು ಅಳಿಸಬೇಡಿ

ಕೌತಾಳಂ, ಕರ್ನೂಲು ಜಿಲ್ಲೆ

ಇವರಿಗೆ,
ಯೋಜನೆಗಳ ವೇಳಾಪಟ್ಟಿ ಹಾಕುವ ಸಾಫ್ಟ್‌ವೇರ್ ತಯಾರಿಸುವ ಸಮಸ್ತ ಮಹನೀಯರಿಗೆ

ವಿಷಯ: ಕಾಮಗಾರಿ ಮುಗಿಯುವ ದಿನಾಂಕದ ಕಾಲಮ್ಮಿನ ಬಗ್ಗೆ, ಆ ದಿನಾಂಕಕ್ಕಾಗಿ ಕಾದು ಕೂತವರ ಅಭಿಪ್ರಾಯ.

ಮಾನ್ಯರೇ,

ಬಳಕೆದಾರರ ಅಭಿಪ್ರಾಯ ತಿಳಿಸಿ ಎಂದು ನೀವು ಆಗಾಗ ಕೇಳುತ್ತಿರುತ್ತೀರಿ. ಆದರೆ ನೀವು ಕೇಳುವುದು ಕಂಪ್ಯೂಟರ್ ಮುಂದೆ ಕೂತು ತಾರೀಖು ತುಂಬುವವರನ್ನು ಮಾತ್ರ. ಆ ತಾರೀಖನ್ನು ಪೇಪರಿನಲ್ಲಿ ಓದಿ, ನಂಬಿ, ಬೀಜ ಗೊಬ್ಬರಕ್ಕೆ ಸಾಲ ಎತ್ತುವವರನ್ನು ಇದುವರೆಗೆ ಯಾರೂ ಕೇಳಿದ್ದಿಲ್ಲ. ತುಂಗಭದ್ರಾ ಕೆಳಮಟ್ಟದ ಕಾಲುವೆ, ಅಂದರೆ ಜನರ ಬಾಯಲ್ಲಿರುವ ಎಲ್‌ಎಲ್‌ಸಿ, ಹೊಸಪೇಟೆಯ ಹತ್ತಿರ ಹೊರಟು ಬಳ್ಳಾರಿ ಸೀಮೆಯನ್ನೆಲ್ಲ ಸುತ್ತಿ ಹೊಳಗುಂದ, ಕೌತಾಳಂ, ಆದೋನಿ ಕಡೆಗೆ ಬರುವ ಹೊತ್ತಿಗೆ ನೀರಿಗೂ ಸುಸ್ತಾಗಿರುತ್ತದೆ, ನೀರು ಬಿಡುತ್ತೇವೆಂದ ತಾರೀಖಿಗೂ ಸುಸ್ತಾಗಿರುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಅಂದಿನಿಂದ ಇಲ್ಲಿನ ಕನ್ನಡಿಗರು ಒಂದು ರಾಜ್ಯದ ಅಣೆಕಟ್ಟಿನ ನೀರನ್ನು ಇನ್ನೊಂದು ರಾಜ್ಯದಲ್ಲಿ ಕೂತು, ಎರಡು ಭಾಷೆಯ ಪ್ರಕಟಣೆಗಳಲ್ಲಿ ಕಾಯುತ್ತಿದ್ದಾರೆ. ಗಡುವಿನ ವಿಷಯದಲ್ಲಿ ಇಷ್ಟು ಅನುಭವವಿರುವ ಬಳಕೆದಾರರು ನಿಮಗೆ ಬೇರೆಲ್ಲೂ ಸಿಗಲಾರರು. ಆದ್ದರಿಂದ ಕೇಳದಿದ್ದರೂ ಹೇಳುತ್ತಿದ್ದೇವೆ.

ಮೊದಲು ಮೆಚ್ಚುಗೆ. ನಿಮ್ಮ ಪೈಕಿ ಹೆಚ್ಚು ಬಳಕೆಯಲ್ಲಿರುವ ಮೈಕ್ರೋಸಾಫ್ಟ್ ಪ್ರಾಜೆಕ್ಟಿನಲ್ಲಿ ಯಾವ ಕೆಲಸಕ್ಕಾದರೂ 'ಸಾಧ್ಯವಾದಷ್ಟು ತಡವಾಗಿ' ಎಂಬ ಷರತ್ತು ಹಾಕಬಹುದಂತೆ. ಇಷ್ಟು ವರ್ಷ ನಮ್ಮ ಕಡೆಯ ಕಾಮಗಾರಿಗಳನ್ನು ನಡೆಸುತ್ತಿರುವ ನಿಯಮ ಯಾವುದೆಂದು ತಿಳಿಯದೆ ತಲೆ ಕೆಡಿಸಿಕೊಂಡಿದ್ದೆವು. ಅದು ಪಟ್ಟಿಯಲ್ಲೇ ಇದೆ, ಆರಿಸಿಕೊಂಡರೆ ಸಾಕು ಎಂದು ಗೊತ್ತಾಗಿ ಸಮಾಧಾನವಾಯಿತು. ಒಪ್ಪಿಕೊಂಡ ಮೂಲ ವೇಳಾಪಟ್ಟಿಯನ್ನು ಬೇಸ್‌ಲೈನ್ ಎಂದು ಉಳಿಸಿಡುವ ವ್ಯವಸ್ಥೆಯೂ ಅದರಲ್ಲಿದೆ. ಅದೂ ಒಂದಲ್ಲ, ಹನ್ನೊಂದು. ಮಾತು ಕೊಡುವವನಿಗೆ ಹನ್ನೊಂದು ಮೂಲ ಮಾತುಗಳ ಅವಕಾಶ ಕೊಟ್ಟ ನಿಮ್ಮ ಔದಾರ್ಯಕ್ಕೆ ಶರಣು. ಇನ್ನು ಅದರ ಕ್ಯಾಲೆಂಡರ್ 1984ರ ಜನವರಿ 1ರಿಂದ ಶುರುವಾಗಿ, ಹೊಸ ಆವೃತ್ತಿಗಳಲ್ಲಿ 2149ರ ಡಿಸೆಂಬರ್ 31ರ ತನಕ ಹೋಗುತ್ತದೆ. ಮುಂದಕ್ಕೆ ಇಷ್ಟು ಜಾಗ ಬಿಟ್ಟಿರುವುದು ನೋಡಿದರೆ ನಮ್ಮ ನೀರಾವರಿ ಯೋಜನೆಗಳನ್ನು ಯಾರೋ ನಿಮಗೆ ಚೆನ್ನಾಗಿಯೇ ವಿವರಿಸಿದ್ದಾರೆ.

ಹಿಂದಕ್ಕೆ ಮಾತ್ರ ಜಾಗ ಸಾಲದು. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಈ ಬರದ ಸೀಮೆಗೆ ನೀರು ಕೊಡಬೇಕೆಂಬ ವಿಚಾರವನ್ನು ಸರ್ ಆರ್ಥರ್ ಕಾಟನ್ ಮುಂದಿಟ್ಟದ್ದು 1860ರಲ್ಲಿ. ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಒಪ್ಪಂದಕ್ಕೆ ಬಂದದ್ದು 1944ರಲ್ಲಿ. ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ರಂದು. ನೀರು ನಿಂತದ್ದು 1953ರಲ್ಲಿ. ವಿಚಾರದಿಂದ ನೀರಿನ ತನಕ 93 ವರ್ಷ. ಈ ನಾಲ್ಕು ಸಾಲುಗಳಲ್ಲಿ ಒಂದನ್ನೂ ಆ ಕ್ಯಾಲೆಂಡರಿನಲ್ಲಿ ತುಂಬಲು ಬರುವುದಿಲ್ಲ. ಹೀಗಾಗಿ ನಮ್ಮ ಭಾಗದ ಅತಿ ದೊಡ್ಡ ಯೋಜನೆಯಲ್ಲಿ ಒಂದು ದಿನವೂ ವಿಳಂಬವಾಗಿಲ್ಲ ಎಂದು ನಿಮ್ಮ ಸಾಫ್ಟ್‌ವೇರ್ ಆಣೆ ಮಾಡಿ ಹೇಳಬಲ್ಲದು. ವೇಳೆಗೆ ಮೊದಲೇ ನಡೆದಿರುವ ಕೆಲಸವೂ ಅಲ್ಲಿ ಒಂದಿದೆ: ಹೂಳು ತುಂಬುವುದು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ 2016ರ ಸಮೀಕ್ಷೆಯ ಪ್ರಕಾರ 105.788 ಟಿಎಂಸಿಗೆ ಇಳಿದಿದೆ. ಯಾವ ಟೆಂಡರೂ ಇಲ್ಲದೆ, ಒಂದು ಮಳೆಗಾಲವನ್ನೂ ತಪ್ಪಿಸದೆ ನಡೆದ ಕೆಲಸ ಅದು.

ಈಗ ದೂರು. ನಿಮ್ಮ ಪರದೆಯ ಮೇಲೆ ಒಂದು ಕಾಮಗಾರಿ ಹೇಗೆ ಕಾಣುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಕಾಲುವೆಗೆ ಲೈನಿಂಗ್ ಹಾಕುವ ಕೆಲಸ ಮೇ ತಿಂಗಳಿಗೆ ಮುಗಿಯಬೇಕು ಎಂದು ಬೇಸ್‌ಲೈನ್ ಉಳಿಸಿದರೆ ಒಂದು ಬೂದು ಪಟ್ಟಿ ಬೀಳುತ್ತದೆ. ಕೆಲಸ ಡಿಸೆಂಬರಿಗೆ ಜಾರಿದರೆ ಬಣ್ಣದ ಪಟ್ಟಿ ಬಲಕ್ಕೆ ಸರಿಯುತ್ತದೆ, ಬೂದು ಪಟ್ಟಿ ಅಲ್ಲೇ ನಿಲ್ಲುತ್ತದೆ. ನಡುವೆ ಉಳಿಯುವ ಖಾಲಿ ಜಾಗವೇ ವಿಳಂಬ. ಪಕ್ಕದ ವ್ಯತ್ಯಾಸದ ಕಾಲಮ್ಮಿನಲ್ಲಿ ಅದು ದಿನಗಳ ಲೆಕ್ಕದಲ್ಲಿ ಬರುತ್ತದೆ. ಇಲ್ಲಿಯವರೆಗೆ ನಿಮ್ಮ ಸಾಫ್ಟ್‌ವೇರಿನಷ್ಟು ಸತ್ಯವಂತ ಮತ್ತೊಬ್ಬನಿಲ್ಲ. ಆಮೇಲೆ ಯಾರೋ ಒಬ್ಬರು ಅದೇ ಬೇಸ್‌ಲೈನನ್ನು ಮತ್ತೆ ಉಳಿಸುತ್ತಾರೆ. ಹಳೆಯದರ ಮೇಲೆ ಬರೆಯಬೇಕೇ ಎಂದು ನೀವು ಒಮ್ಮೆ ಕೇಳುತ್ತೀರಿ, ಅವರು ಹೌದು ಎನ್ನುತ್ತಾರೆ. ಬೂದು ಪಟ್ಟಿ ಸರಿದು ಬಣ್ಣದ ಪಟ್ಟಿಯ ಕೆಳಗೆ ಬಂದು ಮಲಗುತ್ತದೆ. ವ್ಯತ್ಯಾಸದ ಕಾಲಮ್ಮು ಸೊನ್ನೆ ತೋರಿಸುತ್ತದೆ. ಒಂದು ಬುಟ್ಟಿ ಮಣ್ಣು ಎತ್ತದೆ, ಒಂದು ಮೂಟೆ ಸಿಮೆಂಟ್ ಕಲಸದೆ ಏಳು ತಿಂಗಳ ವಿಳಂಬ ಮುಗಿದುಹೋಯಿತು. ಏಕೆ ಬದಲಾಯಿತು, ಯಾರ ಅಪ್ಪಣೆಯಿಂದ ಬದಲಾಯಿತು ಎಂದು ನೀವು ಕೇಳಲಿಲ್ಲ.

ಇದು ಬರೀ ಕಂಪ್ಯೂಟರಿನ ಆಟವಾಗಿದ್ದರೆ ಬಿಡಬಹುದಿತ್ತು. ಕೇಂದ್ರದ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ 150 ಕೋಟಿ ಮತ್ತು ಅದಕ್ಕೂ ಮೇಲಿನ ಕೇಂದ್ರ ಯೋಜನೆಗಳ ವರದಿ ಕೊಡುತ್ತ ಬಂದಿದೆ. 2024ರ ಜನವರಿ–ಮಾರ್ಚ್ ತ್ರೈಮಾಸಿಕದಲ್ಲಿ ಅದರ ಪಟ್ಟಿಯಲ್ಲಿದ್ದ 1,873 ಯೋಜನೆಗಳಲ್ಲಿ 779 ತಡವಾಗಿದ್ದವು. ಆ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವಿವರಣೆ ಇದೆ: ತೀರ ಇತ್ತೀಚಿನ ಪರಿಷ್ಕೃತ ದಿನಾಂಕದಿಂದ ಲೆಕ್ಕ ಹಾಕಿದರೆ ತಡವಾದ ಯೋಜನೆಗಳ ಸಂಖ್ಯೆ ಕಡಿಮೆಯಾಗುತ್ತದೆ ಎಂದು. ಕಡಿಮೆಯಾಗದೆ ಏನು? ಪ್ರತಿ ತಿಂಗಳೂ ಪರಿಷ್ಕರಿಸಿದರೆ ಸೊನ್ನೆಯೇ ಆದೀತು. ಆ ಸಚಿವಾಲಯಕ್ಕೆ ನಮ್ಮ ನಮಸ್ಕಾರ ಸಲ್ಲಬೇಕು, ಏಕೆಂದರೆ ಅದು ಮೂಲ ದಿನಾಂಕದ ಲೆಕ್ಕವನ್ನೂ ಮುಂದಿಡುತ್ತದೆ. ಎರಡು ಲೆಕ್ಕ ಅಕ್ಕಪಕ್ಕ ಇದ್ದುದರಿಂದಲೇ ನಮಗೆ ವಿಷಯ ತಿಳಿಯಿತು. ಹೊಳೆಯಾಚೆಯ ಮುನಿರಾಬಾದ್–ಮಹಬೂಬ್‌ನಗರ ರೈಲು ಮಾರ್ಗವನ್ನೇ ನೋಡಿ. ಮಂಜೂರಾದದ್ದು 1997–98ರಲ್ಲಿ. ರೈಲು ಸಿಂಧನೂರು ಮುಟ್ಟಿದ್ದು 2024ರಲ್ಲಿ, ಆಗಲೂ ರಾಯಚೂರು ಬಾಕಿ. ಮಂಜೂರಾತಿಯ ವರ್ಷ ಜನರ ನೆನಪಿನಲ್ಲಿ ಇರುವುದರಿಂದ ಇದು ಕಾಲು ಶತಮಾನದ ಕಥೆ. ಪರಿಷ್ಕೃತ ದಿನಾಂಕವೊಂದನ್ನೇ ನೋಡುವವರಿಗೆ ಇದು ಹೆಚ್ಚೂ ಕಡಿಮೆ ಸಮಯಕ್ಕೆ ಸರಿಯಾಗಿ ನಡೆದ ಕೆಲಸ.

ನಮ್ಮ ದೇಶದಲ್ಲಿ ಗಡುವು ಪಾಲಿಸುವುದೇ ಅಸಾಧ್ಯ, ಹಾಗಾಗಿ ಈ ಚರ್ಚೆಯೇ ವ್ಯರ್ಥ ಎನ್ನುವವರಿಗೆ ತುಂಗಭದ್ರೆಯೇ ಉತ್ತರ ಕೊಟ್ಟಿದ್ದಾಳೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ನೀರು ರಭಸದಿಂದ ಹೊಳೆಗೆ ಹರಿದು ಹೋಗುತ್ತಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟಿನ 60 ಅಡಿ ಉದ್ದದ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ಕ್ಕೆಲ್ಲ ಬಾಯಿ ಮುಚ್ಚಿದರು. ಒಂದು ವಾರ. ಅಲ್ಲಿ ತಾರೀಖು ಹಾಕಿದ್ದು ನೀರು, ಅದನ್ನು ಪರಿಷ್ಕರಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಆಮೇಲೆ ಎಲ್ಲ ಗೇಟುಗಳನ್ನೂ ಬದಲಿಸುವ ವಿಷಯ ಕಡತಕ್ಕೆ ಬಂತು. 2025ರ ಮುಂಗಾರು ಬಂದಾಗ ಗೇಟುಗಳು ಹಳೆಯವೇ ಇದ್ದವು. ಸುರಕ್ಷತೆಗಾಗಿ 80 ಟಿಎಂಸಿಯ ಮಿತಿಯಲ್ಲಿ ನೀರು ನಿಲ್ಲಿಸಬೇಕಾಯಿತು, ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ತಪ್ಪಿತು. ಅದೇ ಅಣೆಕಟ್ಟು, ಅದೇ ಗೇಟು. ಹೊಳೆ ಗಡುವು ಹಾಕಿದ ಕೆಲಸ ಒಂದು ವಾರದಲ್ಲಿ ಮುಗಿಯಿತು, ಕಡತಕ್ಕೆ ಬಿದ್ದ ಕೆಲಸಕ್ಕೆ ಒಂದು ಬೆಳೆ ಹೋಯಿತು.

ನಿಮ್ಮ ಪರವಾಗಿ ವಾದಿಸುವವರು ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಪರಿಸ್ಥಿತಿ ಬದಲಾದರೆ ತಾರೀಖು ಬದಲಾಗಬಾರದೇ ಎನ್ನುತ್ತಾರೆ. ಬದಲಾಗಲೇಬೇಕು. ಕೋಸಿಗಿ ಕಡೆಯ ರಾಜೋಳಿಬಂಡೆ ಬಲದಂಡೆ ಕಾಲುವೆಯನ್ನು ತೆಗೆದುಕೊಳ್ಳಿ. ಅದಕ್ಕೆ ರಾಜ್ಯಗಳ ನಡುವೆ ನದಿ ನೀರು ಹಂಚುವ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 4 ಟಿಎಂಸಿ ಕೊಟ್ಟಿತ್ತು. ಮಂಡಳಿಯ ಅಂತಿಮ ವರದಿ 2013ರ ನವೆಂಬರಿನಲ್ಲೇ ಬಂದರೂ ಸುಪ್ರೀಂ ಕೋರ್ಟಿನ ವ್ಯಾಜ್ಯದಿಂದಾಗಿ ಗೆಜೆಟ್ ಏರಲಿಲ್ಲ. ಹೊಳೆಯ ಒಂದು ದಂಡೆಯಲ್ಲಿ ಕಲ್ಲಿಟ್ಟರೆ ಆಚೆ ದಂಡೆಯ ರಾಜ್ಯ ಆಕ್ಷೇಪ ಎತ್ತುತ್ತದೆ. ಇಂಥ ಕಡೆ ಎಂಜಿನಿಯರು ಮೊದಲು ಬರೆದ ತಾರೀಖಿಗೆ ಅವರನ್ನು ಗಲ್ಲಿಗೇರಿಸಿ ಎಂದು ಯಾರೂ ಕೇಳುತ್ತಿಲ್ಲ. ಹೊಸ ತಾರೀಖು ಬರೆಯಲಿ, ಕಾರಣವನ್ನೂ ಬರೆಯಲಿ. ಕೋರ್ಟಿನಿಂದ ತಡವೋ, ಭೂಸ್ವಾಧೀನದಿಂದ ತಡವೋ, ಬಿಲ್ಲು ಪಾಸಾಗದೆ ತಡವೋ ತಿಳಿದರೆ ಜನರ ಸಿಟ್ಟೂ ಸರಿಯಾದ ಬಾಗಿಲಿಗೆ ಹೋಗುತ್ತದೆ. ಹಳೆ ತಾರೀಖನ್ನು ಅಳಿಸಿದರೆ ಪ್ರಾಮಾಣಿಕ ಎಂಜಿನಿಯರಿನ ಸಮರ್ಥನೆಯೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಪಂಚಾಂಗ ಬರೆಯುವವರನ್ನು ನೋಡಿ ಕಲಿಯಬೇಕು. ಆರಿದ್ರಾ ಮಳೆ ಕೈಕೊಟ್ಟರೆ ಕೈಕೊಟ್ಟಿತು ಎನ್ನುತ್ತಾರೆ, ಆರಿದ್ರೆಯನ್ನೇ ಎತ್ತಿ ಶ್ರಾವಣಕ್ಕೆ ಇಡುವುದಿಲ್ಲ.

ಮೊದಲ ತಾರೀಖು ಕೊನೆಯ ತನಕ ಬೆನ್ನು ಹತ್ತುತ್ತದೆ ಎಂದರೆ ಎಲ್ಲರೂ ಎರಡು ವರ್ಷದ ಕೆಲಸಕ್ಕೆ ಆರು ವರ್ಷ ಬರೆಯುತ್ತಾರೆ ಎಂಬುದು ಇನ್ನೊಂದು ವಾದ. ಇದರಲ್ಲಿ ಹುರುಳಿದೆ. ಆದರೆ ಆರು ವರ್ಷ ಎಂದು ಮೊದಲ ದಿನವೇ ಬರೆದರೆ ಏಕೆ ಆರು ಎಂದು ಟೆಂಡರಿನ ಹಂತದಲ್ಲೇ ಕೇಳಬಹುದು. ಎರಡು ಎಂದು ಬರೆದು ಮೂರು ಸಲ ಸರಿಸಿದರೆ ಕೇಳುವ ಹೊತ್ತಿಗೆ ಕೇಳಬೇಕಾದವರು ವರ್ಗವಾಗಿ ಹೋಗಿರುತ್ತಾರೆ. ರೈತನ ಲೆಕ್ಕವೂ ಅದೇ. ಆರು ವರ್ಷ ನೀರಿಲ್ಲ ಎಂದು ಖಚಿತವಾಗಿ ಗೊತ್ತಾದರೆ ಮೆಣಸಿನಕಾಯಿ ಬಿಟ್ಟು ಮಳೆ ನಂಬಿ ಜೋಳ ಹಾಕುತ್ತಾನೆ. ಬರುವ ಜುಲೈಗೆ ಬರುತ್ತದೆ ಎಂದು ಪ್ರತಿವರ್ಷವೂ ಹೇಳಿದರೆ ಪ್ರತಿವರ್ಷವೂ ಮೆಣಸಿನಕಾಯಿಗೇ ಸಾಲ ಮಾಡುತ್ತಾನೆ. ದೂರದ ಸತ್ಯ ತಡೆದುಕೊಳ್ಳಬಹುದಾದ ನಷ್ಟ, ಹತ್ತಿರದ ಸುಳ್ಳು ಬಡ್ಡಿ ಬೆಳೆಸುತ್ತದೆ.

ಇಷ್ಟಾದ ಮೇಲೆ ನೀವು ಕೈ ತೊಳೆದುಕೊಳ್ಳಬಹುದು: ಸೌಲಭ್ಯ ಕೊಟ್ಟಿದ್ದೇವೆ, ಬಳಸುವವರ ಬುದ್ಧಿಗೆ ನಾವು ಹೊಣೆಯೇ ಎಂದು. ನಿಜ, ಬೇಸ್‌ಲೈನ್ ಕೊಟ್ಟವರೂ ನೀವೇ. ಆದರೆ ಸಾಫ್ಟ್‌ವೇರ್ ತೆರೆದೊಡನೆ ಕಣ್ಣಿಗೆ ಬೀಳುವ ಸಾಮಾನ್ಯ ನೋಟದಲ್ಲಿ ಅದನ್ನು ತೋರಿಸುವುದಿಲ್ಲ. ಬೇರೆ ನೋಟಕ್ಕೆ ಹೋಗಿ ತೆಗೆಯಬೇಕು. ಹುಡುಕಿದವರಿಗೆ ಮಾತ್ರ ಸಿಗುವ ಸತ್ಯವನ್ನು ಮೀಟಿಂಗಿನಲ್ಲಿ ಯಾರೂ ಹುಡುಕುವುದಿಲ್ಲ. ಅಲ್ಲದೆ, ದುಡ್ಡಿನ ವಿಷಯ ಬಂದಾಗ ಇದೇ ಜನ ಎಷ್ಟು ಚೆನ್ನಾಗಿ ತಾರೀಖು ನೆನಪಿಡುತ್ತಾರೆ ನೋಡಿ. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ನು ಹೇಳಿದ ಸಮಯಕ್ಕೆ ಕೆಲಸ ಮಾಡದಿದ್ದರೆ ಏನಾಗಬೇಕು ಎಂದು ಹೇಳುತ್ತದೆ, 74ನೆಯದು ಕರಾರಿನಲ್ಲಿ ಗೊತ್ತುಮಾಡಿದ ಪರಿಹಾರದ ಬಗ್ಗೆ ಹೇಳುತ್ತದೆ. ದಂಡ ಬಿದ್ದೀತೆಂದು ಗುತ್ತಿಗೆದಾರ, ಕ್ಲೇಮು ಬಂದೀತೆಂದು ಇಲಾಖೆ, ಮೊದಲ ತಾರೀಖು, ಅವಧಿ ವಿಸ್ತರಣೆಯ ಅರ್ಜಿ, ಅದಕ್ಕೆ ಕೊಟ್ಟ ಕಾರಣ ಎಲ್ಲವನ್ನೂ ಒಂದೂ ಬಿಡದೆ ಫೈಲಿನಲ್ಲಿ ಪೋಣಿಸಿಡುತ್ತಾರೆ. ಅಂದರೆ ನಾವು ಕೇಳುತ್ತಿರುವುದು ಹೊಸ ವಿದ್ಯೆಯೇನೂ ಅಲ್ಲ. ಗುತ್ತಿಗೆದಾರನಿಗೂ ಇಲಾಖೆಗೂ ಇರುವ ನೆನಪಿನ ಸೌಲಭ್ಯ ಕಾಲುವೆಯ ಕೊನೆಯಲ್ಲಿರುವವನಿಗೂ ಬೇಕು, ಅಷ್ಟೇ. ಸಾರ್ವಜನಿಕ ಕಚೇರಿಗಳು ಯಾರೂ ಕೇಳುವ ಮುನ್ನವೇ ಮಾಹಿತಿ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೂ ಹೇಳುತ್ತದೆ.

ಆದ್ದರಿಂದ ಮುಂದಿನ ಆವೃತ್ತಿಯಲ್ಲಿ ಇಷ್ಟು ಮಾಡಿ. ಮೊದಲ ಬೇಸ್‌ಲೈನಿಗೆ ಬೀಗ ಹಾಕಿ, ಕೀಲಿಯನ್ನು ಯಾರಿಗೂ ಕೊಡಬೇಡಿ. ತಾರೀಖು ಸರಿಸುವವರ ಹೆಸರು, ಹುದ್ದೆ, ಕಾರಣ ಬರೆಯದೆ ಹೊಸ ತಾರೀಖನ್ನು ಉಳಿಸಲು ಬಿಡಬೇಡಿ. ಕಾರಣದ ಕಾಲಮ್ಮಿನಲ್ಲಿ 'ಅನಿವಾರ್ಯ ಕಾರಣಗಳಿಂದ' ಎಂದು ಟೈಪ್ ಮಾಡಿದರೆ ಕಂಪ್ಯೂಟರು ಒಪ್ಪದಿರಲಿ. ಮುದ್ರಿಸಿದ ಪ್ರತಿ ಹಾಳೆಯಲ್ಲೂ ಮೊದಲ ತಾರೀಖು ಮತ್ತು ಇವತ್ತಿನ ತಾರೀಖು ಅಕ್ಕಪಕ್ಕ ಒಂದೇ ಗಾತ್ರದ ಅಕ್ಷರದಲ್ಲಿ ಬರಲಿ. ನಿಮ್ಮ ಕೈಗೆ ಸಿಗದ ಒಂದು ಸಲಹೆಯನ್ನು ಸರ್ಕಾರಗಳಿಗೂ ದಾಟಿಸಿ: ಅಡಿಗಲ್ಲಿನ ಮೇಲೆ ಮಂತ್ರಿ, ಶಾಸಕರ ಹೆಸರು ಕೆತ್ತಿದ ಮೇಲೆ ಒಂದು ಸಾಲಿನ ಜಾಗ ಉಳಿದೇ ಉಳಿಯುತ್ತದೆ. ಅಲ್ಲಿ ಕೆಲಸ ಮುಗಿಸುವ ತಾರೀಖನ್ನೂ ಕೆತ್ತಿಸಲಿ. ಕಲ್ಲಿನ ಮೇಲೆ ಬರೆದದ್ದನ್ನು ಪರಿಷ್ಕರಿಸಲು ಉಳಿಪೆಟ್ಟು ಬೇಕು, ಆ ಸದ್ದು ಊರಿಗೆಲ್ಲ ಕೇಳುತ್ತದೆ.

ಈ ಬದಲಾವಣೆಗಳನ್ನು ಯಾವತ್ತಿಗೆ ಮಾಡಿ ಮುಗಿಸುತ್ತೀರಿ ಎಂದು ದಯವಿಟ್ಟು ಒಂದು ಸಾಲು ಬರೆದು ತಿಳಿಸಿ. ಆಮೇಲೆ ನೀವು ಎಷ್ಟು ಸಲ ತಿದ್ದಿದರೂ ಬೇಸರವಿಲ್ಲ. ಮೊದಲು ಹೇಳಿದ ತಾರೀಖನ್ನು ನಾವು ಇಲ್ಲಿ ಬರೆದಿಟ್ಟುಕೊಂಡಿರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಎಲ್‌ಎಲ್‌ಸಿ ಕೊನೆಭಾಗದ ಒಬ್ಬ ಕನ್ನಡಿಗ