ಕಾಡತೂಸು ಮತ್ತು ಗೋವಿನಜೋಳದ ಬೆಂಡು

ಕಾಡುಹಂದಿಯ ಬಗ್ಗೆ ಇಷ್ಟು ಮರ್ಯಾದೆ ಇಟ್ಟುಕೊಂಡ ಕಾನೂನು 1959ರ ಆಯುಧ ಕಾಯ್ದೆಯೊಂದೇ ಇರಬೇಕು. ಬೆಳೆ ಕಾಯಲು ಬಂದೂಕು ಬೇಕೆಂದು ಅರ್ಜಿ ಹಾಕಿದ ರೈತನಿಗೆ ಬಾಯಿಂದ ಮದ್ದು ತುಂಬುವ ಬಂದೂಕಿನ ಪರವಾನಗಿ ಕೊಡಿ ಎನ್ನುತ್ತದೆ ಅದರ 13ನೆಯ ಕಲಮು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಬಂದೂಕಿನ ಮಾತು. ಬಾಯಿಂದ ತುಂಬುವ ಬಂದೂಕೆಂದರೆ ಗೊತ್ತಲ್ಲ, ಒಂದು ಈಡು ಹಾರಿಸಿ ಇನ್ನೊಂದು ತುಂಬುವಷ್ಟರಲ್ಲಿ ಹಂದಿ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಮಕ್ಕಳುಮರಿಗಳನ್ನು ಕರೆದುಕೊಂಡು ಮನೆಗೆ ಹೋಗಿರುತ್ತದೆ. ಕಲಮು ಬರೆದ ಪುಣ್ಯಾತ್ಮ ಬೇಕೆಂದೇ ಹಾಗೆ ಬರೆದನೋ ಏನೋ. ನಮ್ಮ ಕಡೆಯ ಸಿಟ್ಟನ್ನು ಬಲ್ಲವರು ಯಾರಾದರೂ ಪಕ್ಕದಲ್ಲಿ ಕೂತಿದ್ದರೂ ಇರಬಹುದು.

ನಮ್ಮ ಧಾರವಾಡ ಜಿಲ್ಲೆಯೆಂದರೆ ಹೊರಗಿನವರ ಕಣ್ಣಿಗೆ ಬರೀ ಎರಿ ಹೊಲ. ನವಲಗುಂದ, ಅಣ್ಣಿಗೇರಿಯ ಮಟ್ಟಿಗೆ ಆ ಮಾತು ಸರಿ. ಅಲ್ಲಿ ಹೆಸರು, ಕಡಲಿ ಮೇಯಲು ಬರುವುದು ಚಿಗರಿ. ಅದಕ್ಕೆ ಬಂದೂಕು ತೋರಿಸುವುದಿರಲಿ, ಗಟ್ಟಿಯಾಗಿ ಗದರಿಸುವ ಮುಂಚೆಯೂ ರೈತ ಅತ್ತಿತ್ತ ನೋಡುತ್ತಾನೆ. ವನ್ಯಜೀವಿ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ಕೂತ ಪ್ರಾಣಿ ಅದು. ಹುಬ್ಬಳ್ಳಿ-ಧಾರವಾಡದ ನಡುವಿನ ಬಸ್ಸಿಗೂ ‘ಚಿಗರಿ’ ಎಂದೇ ಹೆಸರಿಟ್ಟಿದ್ದಾರೆ, ಅದಕ್ಕೂ ಓಡಲು ಬೇರೆಯೇ ದಾರಿ. ಕಲಘಟಗಿ ಮಾತ್ರ ಹಾಗಲ್ಲ. ಬಣ್ಣದ ತೊಟ್ಟಿಲಿನ ಆ ಊರು ದಾಟಿ ಯಲ್ಲಾಪುರದ ದಿಕ್ಕಿಗೆ ನಡೆದರೆ ಮಣ್ಣು ಕೆಂಪಾಗುತ್ತದೆ, ಭತ್ತ, ಕಬ್ಬು, ಗೋವಿನಜೋಳ ಶುರುವಾಗುತ್ತವೆ, ಬೆನ್ನಿಗೇ ಅಡವಿ. ಗೋವಿನಜೋಳ ಹಾಲುಗಾಳಿಗೆ ಬಂದದ್ದು ಬೆಳೆದವನಿಗಿಂತ ಮುಂಚೆ ಹಂದಿಗೆ ಗೊತ್ತಾಗುತ್ತದೆ.

ನಮ್ಮ ಸೋದರಮಾವನ ಹೊಲ ಆ ಅಡವಿಯ ಅಂಚಿನಲ್ಲಿದೆ, ಅವನ ಕೇಪಿನ ಬಂದೂಕು ಪಡಸಾಲೆಯ ಗೂಟಕ್ಕೆ. ಅದನ್ನು ಅವನು ತುಂಬುವುದನ್ನು ನೋಡಬೇಕು. ಮೊದಲು ನಳಿಗೆಯೊಳಗೆ ಊದುತ್ತಾನೆ, ತುದಿಯ ತೂತಿನಿಂದ ಗಾಳಿ ಬರುತ್ತದೋ ಇಲ್ಲವೋ ಎಂದು ಬೆರಳಿಟ್ಟು ನೋಡುತ್ತಾನೆ. ಆಮೇಲೆ ಅಳತೆಯ ಮದ್ದು, ಅದರ ಮೇಲೆ ತೆಂಗಿನ ನಾರಿನ ಉಂಡೆ. ಗಜ ಹಾಕಿ ಜಡಿಯುತ್ತಾನೆ. ಜಡಿತ ಸರಿಯಾದರೆ ಗಜ ತಾನೇ ಪುಟಿದು ಮೇಲೆ ಬರಬೇಕಂತೆ. ಬಳಿಕ ಚರೆ, ಮತ್ತೆ ನಾರು, ಮತ್ತೆ ಗಜ. ಎಲ್ಲಕ್ಕಿಂತ ಕೊನೆಗೆ, ಅಂಗಳಕ್ಕಿಳಿದ ಮೇಲೆಯೇ, ಹೆಬ್ಬೆರಳಿನ ಉಗುರಿನಷ್ಟೂ ಇಲ್ಲದ ತಾಮ್ರದ ಕೇಪು. ಈ ಪೂಜೆಯ ನಡುವೆ ಯಾರೂ ಮಾತಾಡಿಸುವಂತಿಲ್ಲ. ಇಷ್ಟೆಲ್ಲ ಮಾಡಿ ಹಾರಿಸುವುದು ಆಕಾಶಕ್ಕೆ, ಏಕೆಂದರೆ ಹಂದಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಸದ್ದಿಗೆ ಅಪ್ಪಣೆ ಬೇಡ. ಚುನಾವಣೆ ಬಂದರೆ ಆ ಸದ್ದೂ ಇಲ್ಲ, ಬಂದೂಕು ಠಾಣೆಗೆ ಹೋಗಿ ಕೂಡುತ್ತದೆ. ಪಂಚಾಯಿತಿಯಿಂದ ಹಿಡಿದು ಲೋಕಸಭೆಯವರೆಗೆ ನಮ್ಮಲ್ಲಿರುವ ಚುನಾವಣೆಗಳನ್ನು ಲೆಕ್ಕ ಹಾಕಿದರೆ ಅದಕ್ಕೆ ಗೂಟಕ್ಕಿಂತ ಠಾಣೆಯ ಗೋಡೆಯೇ ಹೆಚ್ಚು ಪರಿಚಿತ. ಮಹಾನವಮಿಯ ಖಂಡೇಪೂಜೆಗೆ ಮನೆಯಲ್ಲಿದ್ದರೆ ಕೂರಿಗೆ, ಕುಡಗೋಲಿನ ಜೊತೆ ಅದಕ್ಕೂ ಒಂದು ಹೂವು.

ಬಂದೂಕು ಕಿತ್ತುಕೊಳ್ಳುವ ಸರ್ಕಾರದ ಚಾಳಿ ಈ ಸೀಮೆಗೆ ಹೊಸದಲ್ಲ. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿರೆಂದು ಹುಕುಂ ಹೊರಡಿಸಿದಾಗ ಹಲಗಲಿಯ ಬೇಡರು ತಿರುಗಿಬಿದ್ದರು; ಅವರ ಮೇಲಿನ ಲಾವಣಿಯನ್ನು ನಮ್ಮ ಹುಡುಗರು ಇಂದಿಗೂ ಪರೀಕ್ಷೆಗೆ ಓದುತ್ತಾರೆ. ನವಲಗುಂದದ ನೆರೆಯ ನರಗುಂದದ ಅರಸ ಬಾಬಾಸಾಹೇಬ ಭಾವೆ 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಕಂಪನಿ ಸರ್ಕಾರದ ಅಧಿಕಾರಿ ಮ್ಯಾನ್ಸನ್ ಸಾಹೇಬನ ತಲೆ ತೆಗೆಸಿದ, ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲಿಗೇರಿದ. ಇದರ ಹಿಂದಿನ ವರ್ಷ ಉತ್ತರದಲ್ಲಿ ಕಿಡಿ ಹತ್ತಿಸಿದ್ದೂ ಒಂದು ಕಾಡತೂಸೇ. ಎನ್‌ಫೀಲ್ಡ್ ಬಂದೂಕಿನ ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಹರಿದು ಮದ್ದು ಸುರಿಯಬೇಕು, ಆ ಪೊಟ್ಟಣಕ್ಕೆ ಸವರಿದ್ದು ಯಾವ ಪ್ರಾಣಿಯ ಕೊಬ್ಬು ಎನ್ನುವುದೇ ಜಗಳ. ಆ ಕಾಗದದ ಜಾಗಕ್ಕೆ ಹಿತ್ತಾಳೆ ಬಂತು. ಮದ್ದು, ಗುಂಡು, ಕೇಪು ಮೂರೂ ಒಂದೇ ಡಬ್ಬಿಯೊಳಗೆ ಕೂತವು. ಹಿತ್ತಾಳೆ ಬಂದಮೇಲೆ ಜಿಪುಣತನವೂ ಬಂತು. ಹಾರಿಸಿದ ಮೇಲೂ ಡಬ್ಬಿ ಉಳಿಯುತ್ತದಲ್ಲ, ಅದನ್ನು ಬಿಸಾಡುವುದು ಹೇಗೆ?

ಹರಿದ ಸೀರೆಯನ್ನು ಕೌದಿ ಮಾಡುವ ಮನೆತನದಲ್ಲಿ ಹುಟ್ಟಿದ ನಮ್ಮ ಅಕ್ಕನ ಮಗನಿಗೆ ಈ ಪ್ರಶ್ನೆ ಟೆಕ್ಸಾಸಿನಲ್ಲಿ ಎದುರಾಯಿತು. ಹಸಿರು ಕಾರ್ಡು ಬಂದಮೇಲೆ ಗೆಳೆಯರೊಡನೆ ರೈಫಲ್ಲಿನ ಗೀಳು ಹತ್ತಿಸಿಕೊಂಡ ಅವನು ಈಗ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಮೇಜು ಹಾಕಿಕೊಂಡು ಖಾಲಿ ಕಾಡತೂಸು ತುಂಬುವುದನ್ನು ಕಲಿಯುತ್ತಿದ್ದಾನೆ. ಸ್ವಂತಕ್ಕೆ ತುಂಬಿಕೊಳ್ಳಲು ಅಲ್ಲಿ ಪರವಾನಗಿ ಬೇಡ. ಯುಗಾದಿಗೆ ವಿಡಿಯೋ ಕರೆ ಮಾಡಿ ಮೇಜನ್ನು ತೋರಿಸಿದ. ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಹುಡುಗ ಏನನ್ನೂ ಬಿಸಾಡುವುದಿಲ್ಲವೆಂದು ಅಕ್ಕ ಹೆಮ್ಮೆಪಟ್ಟಳು.

ಮಾವನ ಕಣ್ಣು ಮೇಜಿನ ಮೂಲೆಯಲ್ಲಿ ಗರಗರ ತಿರುಗುತ್ತಿದ್ದ ಡಬ್ಬಿಯ ಮೇಲೆ.

‘ಅದೇನೋ ತಮ್ಮಾ, ತಿರಗಾಕತ್ತೈತಿ?’

‘ಹಿತ್ತಾಳಿ ಬೆಳಗೂದು ಅಜ್ಜಾ. ಒಳಗ ಗೋವಿನಜೋಳದ ಬೆಂಡಿನ ಪುಡಿ ಹಾಕ್ತಾರ.’

‘ಬೆಂಡು? ರೊಕ್ಕಾ ಕೊಟ್ಟು ತಂದಿಯೇನು?’

ರೊಕ್ಕ ಕೊಟ್ಟೇ ತಂದಿದ್ದ, ಚೀಲಗಟ್ಟಲೆ. ಕಲಘಟಗಿಯಲ್ಲಿ ಕಾಳು ಬಿಡಿಸಿದ ಮೇಲೆ ಬೆಂಡು ಒಲೆಗೆ ಹೋಗುತ್ತದೆ, ಇಲ್ಲವೇ ಹಿತ್ತಲಲ್ಲಿ ಗುಡ್ಡೆ ಬೀಳುತ್ತದೆ. ಆ ಗುಡ್ಡೆಯ ಕಡೆಗೆ ಮಾವ ತಿರುಗಿ ನೋಡಿದ ರೀತಿಯಲ್ಲಿ ಒಂದು ರಫ್ತು ವ್ಯಾಪಾರ ಹುಟ್ಟಿ ಸತ್ತಿತು.

ಬೆಳಗಿದ ಮೇಲೆ ಪಾಠ ಶುರು. ಹಾರಿಸಿದಾಗ ಹಿತ್ತಾಳೆ ಉಬ್ಬಿ ಬಂದೂಕಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಹೊಗೆ ಹಿಂದಕ್ಕೆ ನುಗ್ಗದಂತೆ ತಡೆಯುವುದೇ ಆ ಉಬ್ಬು. ಮತ್ತೆ ತುಂಬಬೇಕಾದರೆ ಉಬ್ಬಿದ್ದನ್ನು ಅಚ್ಚಿನೊಳಗೆ ಒತ್ತಿ ಹಳೆಯ ಅಳತೆಗೆ ತರಬೇಕು. ಅದೇ ಏಟಿಗೆ ಸುಟ್ಟ ಕೇಪು ಉದುರಿಹೋಗುತ್ತದೆ. ಒತ್ತುವ ಯಂತ್ರ ಥೇಟ್ ನಮ್ಮ ಶಾವಿಗೆ ಒರಳು. ಆಮೇಲೆ ಹೊಸ ಕೇಪು, ಮದ್ದು, ಗುಂಡು. ನಾಲ್ಕಾರು ಸಲ ಉಬ್ಬಿ ಕುಗ್ಗಿದ ಹಿತ್ತಾಳೆಯ ಕುತ್ತಿಗೆ ಸೀಳು ಬಿಡುತ್ತದೆ, ಬೆಳಕಿಗೆ ಹಿಡಿದು ನೋಡಿ ಅಂಥದ್ದನ್ನು ಗುಜರಿಗೆ ಹಾಕಬೇಕು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಜಾತಿಯ ಮದ್ದಿರಬೇಕು. ಒಂದೇ ಡಬ್ಬಿಗೆ ಮದ್ದು ಎರಡು ಸಲ ಬಿದ್ದರೆ ಬಂದೂಕು ಸಿಡಿಯುತ್ತದೆ, ಬೀಳದೇ ಹೋದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದು ಹಾರಿಸಿದವನ ಗತಿ ಹೇಳುವುದು ಬೇಡ. ಹಾಗಾಗಿ ತುಂಬುವಾಗ ಟಿವಿ, ಫೋನು, ಹರಟೆ ಕೂಡದು. ಮನೆಯವರೆಲ್ಲ ಒಟ್ಟಿಗೆ ಮಾತಾಡುತ್ತಿದ್ದ ಕರೆಯಲ್ಲಿ ಅವನು ಇದನ್ನು ಹೇಳಲು ಪಟ್ಟ ಪಾಡು ನೋಡಿದರೆ, ಅವತ್ತು ಮದ್ದನ್ನು ಕಪಾಟಿನಿಂದ ಹೊರಗೆ ತೆಗೆಯದ್ದೇ ಜಾಣತನ.

ಮದ್ದು ತೂಗುವ ತಕ್ಕಡಿ ನಮ್ಮ ಅಕ್ಕಸಾಲಿಗರ ಪೈಕಿಯದು. ಗ್ರೇನ್ ಎಂಬ ಲೆಕ್ಕ, ಒಂದು ಪೌಂಡಿಗೆ 7,000. ಗುಲಗಂಜಿಯೊಂದಕ್ಕೆ ಹತ್ತಿರಹತ್ತಿರ ಎರಡು ಗ್ರೇನ್ ಬೀಳುತ್ತವೆ. ಬಂಗಾರದಲ್ಲಿ ಗುಲಗಂಜಿ ತೂಕ ಹೆಚ್ಚುಕಡಿಮೆಯಾದರೆ ಅಕ್ಕಸಾಲಿಗನ ಮೇಲೆ ಬರೀ ಅನುಮಾನ ಬರುತ್ತದೆ. ಇಲ್ಲಿ ಅಷ್ಟು ಹೆಚ್ಚಾದರೆ ಬೆರಳು ಹೋಗಬಹುದು. ಎಷ್ಟು ಹಾಕಬೇಕೆಂಬುದಕ್ಕೆ ಮದ್ದು ಮಾರುವವರೇ ಅಚ್ಚು ಹಾಕಿಸಿದ ಕೋಷ್ಟಕಗಳಿವೆ, ಅವುಗಳಲ್ಲಿ ಕಡಿಮೆಯ ಅಂಕಿಯಿಂದಲೇ ಶುರುಮಾಡಬೇಕು. ‘ಅಂದಾಜು’ ಎಂಬ ಮಾತಿನ ಮೇಲೆ ಅಡುಗೆ, ಒಕ್ಕಲುತನ, ಮದುವೆಯ ಖರ್ಚು ಎಲ್ಲವನ್ನೂ ನಡೆಸುವ ನಮ್ಮ ಮಂದಿ ಈ ಕಸುಬಿಗೆ ಆಗುವುದಿಲ್ಲ ಎಂದು ನನ್ನ ಖಚಿತ ಅಭಿಪ್ರಾಯ.

ಅವನ ಮೇಜಿನ ಹಸಿರು ಯಂತ್ರದ ಹೆಸರು ಆರ್‌ಸಿಬಿಎಸ್. ಅದರ ಕತೆ ಕಲಘಟಗಿಗೆ ಹೇಳಿಮಾಡಿಸಿದ್ದು. ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಲ್ಲಿ ಫ್ರೆಡ್ ಹಂಟಿಂಗ್ಟನ್ ಎಂಬವನು 1943ರಲ್ಲಿ, ಯುದ್ಧದ ಕಾಲದಲ್ಲಿ ಒಳ್ಳೆಯ ಗುಂಡು ಸಿಗದೆ, ಅಪ್ಪನ ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಗುಂಡು ಒತ್ತುವ ಅಚ್ಚು ಮಾಡಿದ. ಬಂಡೆಗಳ ನಡುವೆ ಬಿಲ ತೋಡುವ ರಾಕ್‌ಚಕ್ ಎಂಬ ದಪ್ಪ ದಂಶಕದ ಬೇಟೆಗೆಂದು ಮಾಡಿದ ಅಚ್ಚು ಅದು. ಕಂಪನಿಯ ಹೆಸರಿನ ಮೊದಲೆರಡು ಅಕ್ಷರ ಆ ದಂಶಕದ್ದೇ. ಕಚ್ಚಾ ಮಾಲು ಯಾವುದು ಗೊತ್ತೇ? ಬೇರೆಯವರು ಹಾರಿಸಿ ಬಿಟ್ಟುಹೋದ ಚಿಕ್ಕ ಕಾಡತೂಸಿನ ಖಾಲಿ ಡಬ್ಬಿ. ಕೌದಿ ಹೊಲಿಯುವವರು ಅಲ್ಲೂ ಇದ್ದರು.

ಇಲ್ಲಿ ಇದೆಲ್ಲ ನಡೆಯುವಂತಿಲ್ಲ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅದೇ 1959ರ ಕಾಯ್ದೆಯ 5ನೆಯ ಕಲಮಿನ ಪ್ರಕಾರ ನಿಷಿದ್ಧ. ಊರಿನ ಗೌಡರ ಹನ್ನೆರಡು ಬೋರಿನ ಬಂದೂಕಿಗೆ ಖಡಕಿಯ ಸರ್ಕಾರಿ ಕಾರ್ಖಾನೆಯ ‘ಶಕ್ತಿಮಾನ್’ ಕಾಡತೂಸೇ ಗತಿ. 1869ರಿಂದ ಮದ್ದುಗುಂಡು ಮಾಡುತ್ತಿರುವ ಕಾರ್ಖಾನೆ ಅದು. ಖಾಲಿಯಾದ ಡಬ್ಬಿ ಹುಡುಗರ ಪಾಲು, ತುಟಿಗಿಟ್ಟು ಓರೆಯಾಗಿ ಊದಿದರೆ ಒಳ್ಳೆ ಸೀಟಿ. ವಿಚಿತ್ರವೆಂದರೆ ಮಾವ ಪ್ರತಿ ಈಡಿಗೂ ಮಾಡುವುದು ಅಕ್ಕನ ಮಗನ ಮೇಜಿನ ಕೆಲಸವನ್ನೇ: ಕೇಪು, ಅಳತೆಯ ಮದ್ದು, ಚರೆ. ಹಿತ್ತಾಳೆಯ ಡಬ್ಬಿಯ ಬದಲು ನಳಿಗೆ, ಅಷ್ಟೇ. ಅದಕ್ಕೆ ಕಾಯ್ದೆಯ ಆಶೀರ್ವಾದವಿದೆ.

ಮಾವನಿಗೂ ಅದು ಹೊಳೆದಿರಬೇಕು. ಒಬ್ಬ ಕಸುಬುದಾರ ಇನ್ನೊಬ್ಬನನ್ನು ಕೇಳುವ ದನಿಯಲ್ಲಿ, ಹೀಗೆ ತುಂಬಿಕೊಂಡರೆ ರೊಕ್ಕ ಉಳಿಯುತ್ತದೆಯೇ ಎಂದು ಕೇಳಿದ. ಇಲ್ಲ, ಅಷ್ಟೇ ರೊಕ್ಕದಲ್ಲಿ ಹೆಚ್ಚು ಹಾರಿಸಬಹುದು ಎಂದ ಹುಡುಗ. ಆ ಕಸುಬಿನವರೆಲ್ಲ ಹೇಳುವುದು ಇದನ್ನೇ ಅಂತೆ.

‘ಅದಿರ್ಲಿ, ನೀ ಹೊಡಿಯೂದು ಏನನ್ನ? ಹಂದಿ ಬರ್ತಾವೇನು ಅಲ್ಲೂ?’

‘ಹಂದಿಗಲ್ಲಜ್ಜಾ. ಕಾಗದಕ್ಕ ಹೊಡಿತೀವಿ. ಸುತ್ತ ಗೆರಿ ಬರ್ದಿರ್ತಾರ, ನಡುವ ಬೀಳಬೇಕು.’

ಮಾವ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡ.

‘ಕಾಗದ ಏನ್ ತಿಂದಿತ್ತಪಾ ನಿಂದು?’